ಎಡ ಮಗ್ಗುಲು

ಡೈಪರ್ ಬಿಚ್ಚಿದ ನರ್ಸ್ ಗಕ್ಕನೆ ಕೈ ಹಿಂದೆಗೆದಳು.

ಆರೈಕೆ ಕೇಂದ್ರದಲ್ಲಿ ಹಾಸಿಗೆ ಹಿಡಿದಿದ್ದ ಟೀಚರಮ್ಮನ ಸೊಂಟದ ಕೆಳಗೆ, ಮೂಳೆ ಉಬ್ಬಿರುವ ಜಾಗದಲ್ಲಿ, ಅಂಗೈಯಗಲದ ಹುಣ್ಣು. ನಡುವೆ ಚರ್ಮ ಕಪ್ಪಾಗಿತ್ತು. ಐದು ದಿನದ ಹಿಂದೆ ತಾನು ರಜೆಗೆ ಹೋಗುವಾಗ ಅಲ್ಲಿ ಒಂದು ಕೆಂಪು ಕಲೆಯೂ ಇರಲಿಲ್ಲ.

ಬಿಚ್ಚಿದ್ದು ಒಂದಲ್ಲ, ಒಂದರ ಮೇಲೊಂದು ಹಾಕಿದ ಎರಡು ಡೈಪರ್. ಒಳಗಿನದು ನೆನೆದು ಕಲ್ಲಿನಷ್ಟು ಭಾರ. ಹೊರಗಿನದು ಒಣ. ಒದ್ದೆಯಾದರೆ ನೀಲಿಗೆ ತಿರುಗುವ ಗೆರೆ ಅದರಲ್ಲಿ ಹಳದಿಯಾಗಿಯೇ ಇತ್ತು. ಹೊದಿಕೆ ಸರಿಸಿ ಇಣುಕಿದವರು ಏನೂ ಆಗಿಲ್ಲ ಎಂದುಕೊಂಡು ಹೋಗಬೇಕು, ಹಾಗೆ.

ಅವಳು ಹಾಸಿಗೆಯಡಿ ಕೈ ತೂರಿಸಿದಳು. ಮೋಟರ್ ಗುಂಯ್‌ಗುಡುತ್ತಿತ್ತು. ಹುಣ್ಣಾಗದಂತೆ ಹಾಕಿದ್ದ ಗಾಳಿ ಹಾಸಿಗೆ ಮಾತ್ರ ಚಪ್ಪಟೆ. ಕಾಲಬದಿಯ ಬಿರಡೆಯನ್ನು ಯಾರೋ ಕಿತ್ತಿದ್ದರು.

ಇದು ಮರೆವಲ್ಲ. ಲಕ್ವ ಹೊಡೆದು ಮಾತು ನಿಂತಿದ್ದ ಟೀಚರಮ್ಮನ ಹಣೆ ಜ್ವರದಿಂದ ಸುಡುತ್ತಿತ್ತು. ಅವಳು ಡಾಕ್ಟರಿಗೆ ಫೋನ್ ಮಾಡಿದಳು.

* * *

ಮಗ್ಗುಲು ಬದಲಿಸಿದ ಚಾರ್ಟ್ ತುಂಬ ಆಯಾಳ ಸಹಿ. ಎರಡು ಗಂಟೆಗೊಮ್ಮೆ: ಬಲ, ಬೆನ್ನು, ಎಡ.

"ಸೋಮವಾರದಿಂದ ನಾನು ಈ ಕೋಣೇಲಿ ಕಾಲೇ ಇಟ್ಟಿಲ್ಲ ಸಿಸ್ಟರ್!" ಆಯಾ ಗಳಗಳ ಅತ್ತಳು. "ಮೇಟ್ರನ್ ನನ್ನನ್ನ ಮೇಲ್ಮಹಡಿಗೆ ಹಾಕಿದ್ರು. ಇಲ್ಲಿ ನಾನೇ ನೋಡ್ಕೋತೀನಿ ಅಂದ್ರು."

ಹೆದರಿ ಸುಳ್ಳು ಹೇಳುತ್ತಿದ್ದಾಳೆಯೇ? ಅಥವಾ ಭಾನುವಾರ ಬಂದು, "ಇನ್ನೆಷ್ಟು ದಿನ ಹೀಗೆ" ಎಂದು ಗೊಣಗಿದ್ದ ಟೀಚರಮ್ಮನ ಮಗನೇ ಇದನ್ನು ಮಾಡಿರಬಹುದೇ? ನರ್ಸ್ ಅವನಿಗೂ ಫೋನ್ ಹಚ್ಚಿದಳು.

"ಅಮ್ಮನ ಹಾಸಿಗೆ ಏನಾದ್ರೂ ಮುಟ್ಟಿದ್ರಾ?"

"ಇಲ್ವಲ್ಲ. ಉಗುರು ಕತ್ತರಿಸಿದೆ, ಅಷ್ಟೇ. ಅಂದ ಹಾಗೆ, ಅಮ್ಮ ಬರೆಯೋಕೆ ಶುರು ಮಾಡಿದಾರೆ, ಗೊತ್ತಾ? 'ಪಕ್ಕದ ಮಂಚ, ಸೂಜಿ' ಅಂತ ಗೀಚಿದ್ರು. ನನಗೇನೂ ಅರ್ಥ ಆಗ್ಲಿಲ್ಲ. ಮೇಟ್ರನ್‌ಗೆ ತೋರಿಸ್ದೆ."

ಪಕ್ಕದ ಮಂಚದ ಅಜ್ಜಿ ಹೋದ ತಿಂಗಳು ತೀರಿಕೊಂಡಿದ್ದರು. ಆ ದಿನ ಸೂಜಿ ಕೊಟ್ಟವಳೂ, ಹೃದಯ ನಿಂತಿತೆಂದು ಬರೆದವಳೂ ಮೇಟ್ರನ್.

ಅವಳು ಮೂರನೆಯ ಫೋನನ್ನು ಪೊಲೀಸರಿಗೆ ಮಾಡಿದಳು.

* * *

ಮೇಟ್ರನ್ ಒಳಗೆ ಬಂದು ಚಿಲಕ ಹಾಕಿದಳು.

"ಇದು ಆಯಾ ಮಾಡಿದ ಘನಕಾರ್ಯ. ಬಾಯ್ಮುಚ್ಕೊಂಡು ಡ್ರೆಸ್ಸಿಂಗ್ ಮಾಡು. ಇಲ್ದಿದ್ರೆ ನೀನೂ ಅವಳ ಜೊತೆ ಜೈಲಿಗೆ."

ನರ್ಸ್ ಮಂಚದ ಸರಳು ಹಿಡಿದು ನಿಂತಳು.

"ಎಡಕ್ಕೆ ಮಲಗಿಸಿದ್ದೂ ಆಯಾನೇನಾ ಮೇಡಂ?"

"ಚಾರ್ಟ್ ಕಣ್ಣಿಗೆ ಕಾಣಲ್ವಾ?"

"ಇವರ ಎಡ ಸೊಂಟದಲ್ಲಿ ಸ್ಟೀಲ್ ಪ್ಲೇಟ್ ಇದೆ. ಆ ಕಡೆ ಹೊರಳಿಸಿದ್ರೆ ಚೀರ್ತಾರೆ. ದಿನಾ ಮಗ್ಗುಲು ಬದಲಿಸೋ ಆಯಾಗೆ ಅದು ಗೊತ್ತು. ಆಫೀಸಲ್ಲಿ ಕೂತು ಅವಳ ಸಹಿ ಹಾಕೋರಿಗೆ ಗೊತ್ತಿರಲ್ಲ."

ಮೇಟ್ರನ್ ಚಾರ್ಟ್ ಕಿತ್ತುಕೊಳ್ಳಲು ಮುನ್ನುಗ್ಗಿದಳು. ಅಷ್ಟರಲ್ಲಿ ಬಾಗಿಲು ಬಡಿದ ಸದ್ದು. ನರ್ಸ್ ಓಡಿಹೋಗಿ ಚಿಲಕ ತೆಗೆದಳು. ಡಾಕ್ಟರು, ಜೊತೆಗೆ ಮಹಿಳಾ ಇನ್ಸ್‌ಪೆಕ್ಟರ್.

"ಇವರು ಪಕ್ಕದ ಮಂಚದ ಅಜ್ಜಿಗೆ ತಪ್ಪು ಇಂಜೆಕ್ಷನ್ ಕೊಟ್ಟಿದ್ದನ್ನ ಟೀಚರಮ್ಮ ನೋಡಿದಾರೆ," ನರ್ಸ್ ತೊದಲಿದಳು. "ಇಷ್ಟು ದಿನ ಹೇಳೋಕಾಗ್ತಿರ್ಲಿಲ್ಲ. ಬರೀತಿದಾರೆ ಅಂತ ಮಗ ಇವರಿಗೆ ಹೇಳಿದ್ದು ಭಾನುವಾರ. ಸೋಮವಾರ ಆಯಾನ ಸಾಗಹಾಕಿದ್ರು. ಹುಣ್ಣು ನಂಜಾಗಿ ಸತ್ರೆ ಯಾರಿಗೂ ಅನುಮಾನ ಬರಲ್ಲ ಅಲ್ವಾ?"

ಮೇಟ್ರನ್ ಕುರ್ಚಿಯಲ್ಲಿ ಕುಸಿದಳು. "ಇಂಜೆಕ್ಷನ್ ಬಾಟಲಿ ಅದಲುಬದಲಾಯ್ತು... ಬೇಕಂತ ಮಾಡಿದ್ದಲ್ಲ."

"ಅದು ಕೈತಪ್ಪೇ ಇರ್ಬಹುದು," ಇನ್ಸ್‌ಪೆಕ್ಟರ್ ಹುಣ್ಣಿನತ್ತ ನೋಡಿದರು. "ಇದು?"



ಡಾಕ್ಟರು ಔಷಧಿ ಶುರು ಮಾಡಿದರು. ಜೀವಕ್ಕೆ ಭಯವಿಲ್ಲ, ಗಾಯ ಮಾಯಲು ತಿಂಗಳುಗಳೇ ಬೇಕು ಎಂದರು. ಪೇದೆ ಬಂದು ಮೇಟ್ರನ್‌ಳನ್ನು ಕರೆದೊಯ್ದ. ಇನ್ಸ್‌ಪೆಕ್ಟರ್ ಹಿಂದೆ ಉಳಿದರು.

"ಒಳ್ಳೆ ಧೈರ್ಯ ಕಣಮ್ಮ ನಿಂದು. ಒಬ್ಬಳೇ ಎದುರಿಗೆ ನಿಂತ್ಯಲ್ಲ, ಹೆದರಿಕೆ ಆಗ್ಲಿಲ್ವಾ?"

"ಈಗಲೂ ಕೈಕಾಲು ನಡುಗ್ತಿದೆ ಮೇಡಂ," ಎಂದಳು ನರ್ಸ್. "ಸ್ವಲ್ಪ ಆ ಕಡೆಯಿಂದ ಹಿಡೀತೀರಾ? ಬಲಕ್ಕೆ ಹೊರಳಿಸ್ಬೇಕು."