ಹಿಂದುಮುಂದಾಗಿ ಬಂದ ಉತ್ತರ

ಶನಿವಾರ ಬೆಳಿಗ್ಗೆ ನಾನು ಮರುದಿನದ ಊಟಕ್ಕೆ ಕೊಲಾರ್ಡ್ ಸೊಪ್ಪು ತೊಳೆಯುತ್ತಿದ್ದಾಗ ಬಾಗಿಲಾಚೆ ಸೈಕಲ್ ಬೆಲ್ಲು ಟ್ರಿಣ್ ಎಂದಿತು. ಸೈಕಲ್ಲೇ ಇಲ್ಲದೆ ಬರೀ ಬೆಲ್ಲು ಹಿಡಿದು ಓಡಾಡುವ ಗಂಡಸು ಷಿಕಾಗೋದ ಸೌತ್ ಸೈಡಿನಲ್ಲಿ ಒಬ್ಬನೇ ಇದ್ದಾನೆ.

ಓರ್ಲನ್ ಟೀಗ್. ಬಾಸ್ ಕ್ಲಾರಿನೆಟ್, ಕೊಳಲು, ಚೆಲ್ಲೋ, ಗರಗಸ, ಅಡುಗೆಮನೆಯ ತಟ್ಟೆ, ಅವನ ಕೈಗೆ ಸಿಕ್ಕಿಯೂ ನುಡಿಯದ ವಸ್ತುವಿಲ್ಲ. ಆದರೆ ಅವನ ಬಾಯಿಂದ ಒಂದು ಮಾತು ಹೊರಡಿಸಲು ದೇವರೇ ಇಳಿದು ಬರಬೇಕು.

ನನ್ನ ಗಂಡ ರಾಸ್ಕೋ ತೀರಿಕೊಂಡು ವರ್ಷ ಕಳೆದ ಮೇಲೆ ಇವನು ಪ್ರತಿ ಭಾನುವಾರ ಊಟಕ್ಕೆ ಬರತೊಡಗಿದ. ಬಡಿಸುವಾಗ ನನ್ನ ಕೈಯನ್ನೇ ನೋಡುತ್ತಾನೆ. ನಾನು ತಲೆಯೆತ್ತಿದರೆ ಸಟ್ಟನೆ ಕಣ್ಣು ಕಾರ್ನ್‌ಬ್ರೆಡ್ಡಿನ ಮೇಲೆ. ನಾನು ಒಲೆ ಕಡೆ ತಿರುಗಿದರೆ ಮತ್ತೆ ನನ್ನ ಬೆನ್ನ ಮೇಲೆ. ಎಪ್ಪತ್ತು ದಾಟಿದವರಿಗೆ ಇದೆಂಥ ಕಣ್ಣಾಮುಚ್ಚಾಲೆಯೋ ನಾನರಿಯೆ. ಒಂದು ಮಾತು ಆಡುತ್ತಾನೇನೋ ಎಂದು ಕಾಯುತ್ತೇನೆ. ಊಟ ಮುಗಿಯುತ್ತದೆ, ಕೋಟಿನ ಜೇಬಿನಿಂದ ಕೊಳಲು ಹೊರಬರುತ್ತದೆ, ನನ್ನ ಮೈ ಉರಿಯುತ್ತದೆ.

ಆವತ್ತು ಕೊಳಲು ಹೊರಬರಲಿಲ್ಲ. ಬಾಗಿಲಲ್ಲೇ ನಿಂತು ಟೋಪಿ ತಿರುಗಿಸುತ್ತ ಅಂದ: "ಟೀನಿ, ಒಂಚೂರು ಸ್ಟುಡಿಯೋ ತನಕ ಬರ್ತೀಯಾ? ಆ ಟೇಪಲ್ಲಿ ನಿನ್ನ ದನಿ ಇದೆ."

ಯಾವ ಟೇಪು ಎಂದು ನಾನು ಕೇಳಲಿಲ್ಲ. ಕೇಳುವ ಅಗತ್ಯವಿರಲಿಲ್ಲ.

ಸಾವಿರದ ಒಂಬೈನೂರ ಎಪ್ಪತ್ತೇಳರಲ್ಲಿ ಓರ್ಲನ್ ತನ್ನ ಅಡುಗೆಮನೆಯಲ್ಲೇ ಕೂತು, ಒಂದರ ಮೇಲೊಂದು ವಾದ್ಯ ಒಬ್ಬನೇ ನುಡಿಸಿ, ಟೇಪಿನಲ್ಲಿ ಹಿಡಿದಿಟ್ಟಿದ್ದ. ಪ್ರಯೋಗ ಎನ್ನುತ್ತಿದ್ದ. ಕೇಳಿದವರು ಪಾತ್ರೆ ಬಿದ್ದ ಸದ್ದು ಎನ್ನುತ್ತಿದ್ದರು. ತಾನೇ ರೆಕಾರ್ಡು ತಟ್ಟೆ ಮಾಡಿಸಿ, ಕಾರಿನ ಡಿಕ್ಕಿಯಲ್ಲಿಟ್ಟು ಮಾರಿದ. ಮಾರಿದ್ದಕ್ಕಿಂತ ಹಂಚಿದ್ದೇ ಹೆಚ್ಚು. ಈಗ ಯಾವುದೋ ಕಂಪನಿಗೆ ಜ್ಞಾನೋದಯವಾಗಿ, ಅವನ್ನೆಲ್ಲ ಕೂಡಿಸಿ, ಎಂದೂ ಹೊರಬರದ ಟೇಪುಗಳನ್ನೂ ಸೇರಿಸಿ, ಒಂದು ದೊಡ್ಡ ಪೆಟ್ಟಿಗೆಯಾಗಿ ಮತ್ತೆ ತರುತ್ತಿತ್ತು.

ಹಾಗೆ ಹೊರಬರದೆ ಉಳಿದ ಟೇಪಿನಲ್ಲಿ ನಾನಿದ್ದೆ. ಆಗ ನಾನು ಸಿಟಿ ಬಸ್ಸು ಓಡಿಸುತ್ತಿದ್ದೆ. ಕೆಲಸ ಮುಗಿಸಿ ಯೂನಿಫಾರ್ಮಿನಲ್ಲೇ ಅವನ ಅಡುಗೆಮನೆಗೆ ನುಗ್ಗಿದ್ದೆ. ಒಲೆಯ ಮೇಲೆ ಮೈಕು ತೂಗುತ್ತಿತ್ತು, ಟೇಪು ಓಡುತ್ತಿತ್ತು, ನನಗೆ ಯಾವುದರ ಪರಿವೆಯೂ ಇರಲಿಲ್ಲ. ನನ್ನನ್ನು ಮದುವೆಯಾಗುತ್ತೀಯಾ ಇಲ್ಲವಾ, ಇವತ್ತೇ ಹೇಳು ಎಂದು ಕೇಳಿಬಿಟ್ಟೆ. ನಮ್ಮ ಕಾಲದಲ್ಲಿ ಹೆಣ್ಣು ಹಾಗೆ ಕೇಳುವುದು ಸಣ್ಣ ಮಾತಲ್ಲ.

ಓರ್ಲನ್ ನನ್ನನ್ನು ನೋಡಿದ. ಕಣ್ಣು ಮಿನುಗಿತು. ಬಾಯಿ ತೆರೆದ. ತೆರೆದ ಬಾಯಿಗೆ ಬಾಸ್ ಕ್ಲಾರಿನೆಟ್ ಇಟ್ಟುಕೊಂಡು ತಲೆಬುಡವಿಲ್ಲದ ಏನನ್ನೋ ಊದತೊಡಗಿದ. ನಾನು ಪೂರ್ತಿ ಕೇಳಿದೆ. ಅವನ ಮನೆಯ ಕೀಲಿಕೈಯನ್ನು ಮೇಜಿನ ಮೇಲಿಟ್ಟು ಹೊರಬಂದೆ. ಅವನು ಹಿಂದೆ ಬರಲಿಲ್ಲ. ಎರಡು ವರ್ಷದ ಮೇಲೆ ನಾನು ರಾಸ್ಕೋನನ್ನು ಮದುವೆಯಾದೆ.

ಅದನ್ನು ಈಗ ಲೋಕವೆಲ್ಲ ಕೇಳಬೇಕಂತೆ. ಮದುವೆಯಾಗೆಂದು ಕೇಳಿದ ಹೆಣ್ಣು ನಾನು, ಇಲ್ಲ ಅನ್ನಿಸಿಕೊಂಡವಳೂ ನಾನು. ಆ ಭಾಗ ಕತ್ತರಿಸಿ ಬಿಸಾಡಿಸದೆ ವಾಪಸ್ ಬರುವುದಿಲ್ಲ ಎಂದುಕೊಂಡು ಸೊಪ್ಪನ್ನು ನೀರಲ್ಲೇ ಬಿಟ್ಟು ಕೋಟು ಹಾಕಿಕೊಂಡೆ. ಕಾರು ನಾನೇ ಓಡಿಸಿದೆ. ಅವನು ಓಡಿಸಿದರೆ ಪ್ರತಿ ಸಿಗ್ನಲ್ಲಿನಲ್ಲೂ ಸ್ಟೇರಿಂಗಿನ ಮೇಲೆ ತಾಳ ಹಾಕುತ್ತಾನೆ, ಹಸಿರು ಬಂದದ್ದೂ ತಿಳಿಯುವುದಿಲ್ಲ.

ದಾರಿಯಲ್ಲಿ ಅವನು ಎರಡು ಸಲ ಗಂಟಲು ಸರಿಮಾಡಿಕೊಂಡ. ಎರಡು ಸಲವೂ ನಾನು ರೇಡಿಯೋ ಆರಿಸಿ ಕಾದೆ. ಮೊದಲ ಸಲ ಚಳಿ ಅಂದ. ಎರಡನೇ ಸಲ ಚಳಿ ಕಡಿಮೆಯಾಯಿತು ಅಂದ.

ಟೇಪುಗಳನ್ನು ಶುದ್ಧಮಾಡುತ್ತಿದ್ದವಳು ಒಡೆಟ್. ನಲವತ್ತರ ಹೆಂಗಸು, ಮೃದು ಮಾತು. ಮಿಸ್ ಅರ್ನೆಸ್ಟೀನ್, ಬನ್ನಿ ಎಂದು ನನ್ನನ್ನು ಪೂರ್ತಿ ಹೆಸರಿನಿಂದ ಕರೆದು, ಕೈಹಿಡಿದು ಕೂರಿಸಿ ಕಾಫಿ ಕೊಟ್ಟಳು. ಆ ಟೇಪನ್ನು ತಾನೂ ಇನ್ನೂ ಕೇಳಿಲ್ಲ, ಓರ್ಲನ್ ಹೇಳಿದ್ದಷ್ಟೇ ಗೊತ್ತು. ಒಟ್ಟಿಗೆ ಕೇಳೋಣ, ನಿಮಗೆ ಬೇಡವಾದರೆ ಆ ದನಿ ತೆಗೆಯುತ್ತೇನೆ ಎಂದಳು. ಆ ದನಿ ಬೇಡ ಎಂದು ಆಗಲೇ ಹೇಳಿಬಿಟ್ಟೆ. ಓರ್ಲನ್ ಕಿಟಕಿಯಾಚೆ ನೋಡುತ್ತಿದ್ದ. ಕಿಟಕಿಯಾಚೆ ಗೋಡೆಯಿತ್ತು.

ಒಡೆಟ್ ಸುರುಳಿ ಏರಿಸಿ ಯಂತ್ರ ಹಾಕಿದಳು.

ಮೊದಲು ಕ್ಲಾರಿನೆಟ್ ಬಂತು. ಆದರೆ ವಿಚಿತ್ರವಾಗಿ, ಯಾರೋ ಉಸಿರನ್ನು ಹೊರಗೆ ಬಿಡದೆ ಒಳಗೆ ಎಳೆದುಕೊಂಡು ನುಡಿಸಿದ ಹಾಗೆ. ಪ್ರತಿ ಸ್ವರವೂ ಎಲ್ಲಿಂದಲೋ ತೆವಳಿಕೊಂಡು ಬಂದು ಗಕ್ಕನೆ ನಿಲ್ಲುತ್ತಿತ್ತು. ಒಡೆಟ್ ಹುಬ್ಬು ಗಂಟಿಕ್ಕಿದಳು. ನಾನು ಲೋಟ ಹಿಡಿದೇ ಯಂತ್ರದ ಕಡೆ ಬಾಗಿದೆ.

ಆ ಮಟ್ಟು ನನಗೆ ಗೊತ್ತಿತ್ತು.

ಅದು ನನ್ನ ಅಮ್ಮ ಕಟ್ಟಿದ ಮಟ್ಟು. ಅಮ್ಮ ನಮ್ಮ ಚರ್ಚಿನಲ್ಲಿ ಆರ್ಗನ್ ನುಡಿಸುತ್ತಿದ್ದಳು. ಮದುವೆಯ ಹೆಣ್ಣು ಬಾಗಿಲಲ್ಲಿ ಕಾಣಿಸಿದಾಗ ಅಮ್ಮ ಅದನ್ನು ಶುರುಮಾಡಿದರೆ, ಅವಳು ಬಲಿಪೀಠ ಮುಟ್ಟುವ ತನಕ ನಿಲ್ಲಿಸುತ್ತಿರಲಿಲ್ಲ. ಓರ್ಲನ್ ಕೂಡ ಬರುತ್ತಿದ್ದ ನಮ್ಮ ಚರ್ಚಿನ ಹೊರಗೆ ಯಾರಿಗೂ ಅದು ತಿಳಿಯದು. ಮದುವೆಗೆ ಬಿಟ್ಟು ಬೇರೆ ಯಾವುದಕ್ಕೂ ಅಮ್ಮ ಅದನ್ನು ನುಡಿಸಿದ್ದಿಲ್ಲ.

ಕ್ಲಾರಿನೆಟ್ ಮುಗಿದ ಮೇಲೆ ಹೆಣ್ಣುದನಿಯೊಂದು ಅರ್ಥವಾಗದ ಭಾಷೆಯಲ್ಲಿ ಏನೋ ಗೊಣಗಿತು. ಅದು ನಾನು. ಮೊದಲು ಉತ್ತರ ಬಂದು, ಆಮೇಲೆ ಪ್ರಶ್ನೆ ಬಂದಿತ್ತು.

ಒಡೆಟ್ ನಾಲಿಗೆ ಕಚ್ಚಿಕೊಂಡಳು. ಟೇಪು ಹಾಳಾಗಬಾರದೆಂದು ಇವರ ಕಸುಬಿನವರು ಕೊನೆಯ ತುದಿ ಹೊರಗಿರುವಂತೆ ಸುತ್ತಿಡುತ್ತಾರಂತೆ. ಕೇಳುವ ಮುಂಚೆ ವಾಪಸ್ ಸುತ್ತಿಕೊಳ್ಳಬೇಕಂತೆ. ಮನೆಯಲ್ಲಿ ಮಾಡಿದ ಟೇಪಲ್ಲವೇ, ಮೊದಲ ತುದಿಯೇ ಹೊರಗಿರುತ್ತದೆಂದು ತಾನು ತಿಳಿದೆ, ಅದಕ್ಕೇ ಬಾಲದಿಂದ ತಲೆಗೆ ಓಡಿತು ಎಂದು ಕ್ಷಮೆ ಕೇಳಿದಳು. ಸರಿಮಾಡಿ ಮತ್ತೆ ಹಾಕಿದಳು. ಈಗ ನನ್ನ ಪ್ರಶ್ನೆ ಸ್ಪಷ್ಟವಾಗಿ ಬಂತು, ಅದರ ಹಿಂದೆ ಅದೇ ಹಳೆಯ ತಲೆಬುಡವಿಲ್ಲದ ಊದಾಟ ಬಂತು.

ನಾನು ಲೋಟ ಕೆಳಗಿಟ್ಟೆ.

"ಓರ್ಲನ್, ಅಮ್ಮನ ಮಟ್ಟನ್ನ ನೀನು ತಿರುಗಾಮುರುಗಾ ನುಡಿಸಿದ್ಯಾ?"

ಅವನು ಹೌದೆಂದು ತಲೆಯಾಡಿಸಿದ. ಆ ದಿನಗಳಲ್ಲಿ ಎಲ್ಲವನ್ನೂ ಕೊನೆಯಿಂದ ಮೊದಲಿಗೆ ನುಡಿಸುವ ಹುಚ್ಚು ಹಿಡಿದಿತ್ತಂತೆ. ನಾನು ಯಾಕೆ ಎಂದು ಮತ್ತೆ ಕೇಳಿದ ಮೇಲೆ ನಿಜ ಹೊರಬಂತು.

"ನೇರವಾಗಿ ನುಡಿಸೋಕೆ ನಾಚಿಕೆ ಆಯ್ತು ಕಣೇ."

ಒಡೆಟ್ ಇಲ್ಲದಿದ್ದರೆ ಅವನ ಟೋಪಿಯಿಂದಲೇ ಅವನಿಗೆ ಬಾರಿಸುತ್ತಿದ್ದೆ. ಕೋಣನ ಮುಂದೆ ಕಿನ್ನರಿ ಅಂತಾರಲ್ಲ, ಇಷ್ಟು ವರ್ಷ ಆ ಕೋಣ ನಾನಾಗಿದ್ದೆ. ಆದರೆ ಕಿನ್ನರಿಯನ್ನು ಹಿಂದುಮುಂದಾಗಿ ಬಾರಿಸಿದರೆ ಕೋಣ ತಾನೇ ಏನು ಮಾಡೀತು? ಹೂಂ ಅನ್ನುವುದಕ್ಕೆ ಒಂದು ಅಕ್ಷರ ಸಾಕಾಗಿತ್ತು ಎಂದು ಬಾಯಿಗೆ ಬಂದಂತೆ ಬೈದೆ. ಬೈಯುತ್ತ ಬೈಯುತ್ತ ಕಣ್ಣಲ್ಲಿ ನೀರು ಬಂತು, ಅದಕ್ಕೂ ಸೇರಿಸಿ ಬೈದೆ. ಒಡೆಟ್ ಇನ್ನಷ್ಟು ಕಾಫಿ ತರುತ್ತೇನೆಂದು ಮೆಲ್ಲಗೆ ಹೊರಗೆ ಹೋದಳು.

"ಹಿಂದೆ ಯಾಕೆ ಬರ್ಲಿಲ್ಲ ನೀನು?"

"ನೀನು ಪೂರ್ತಿ ಕೇಳಿದೆ. ಕೇಳಿ ಕೀ ಇಟ್ಟು ಹೋದೆ." ಅವನು ತನ್ನ ಅಂಗೈ ನೋಡಿಕೊಂಡ. "ನಾನು ಹೂಂ ಅಂದಿದ್ದೇ ನಿನಗೆ ಬೇಡವಾಯ್ತು ಅನ್ಕೊಂಡೆ."

ಇಷ್ಟು ವರ್ಷ ಇಬ್ಬರೂ ಬೇಡವಾದವರಾಗಿಯೇ ಬದುಕಿದ್ದೆವು. ರಾಸ್ಕೋ ಒಳ್ಳೆಯವನು, ಅವನ ಜೊತೆಗಿನ ಬದುಕನ್ನು ನಾನು ಯಾವ ಕಾರಣಕ್ಕೂ ಹಳಿಯುವುದಿಲ್ಲ. ಆದರೂ ಎದೆಯ ಒಂದು ಮೂಲೆಯಲ್ಲಿ ಯೂನಿಫಾರ್ಮು ತೊಟ್ಟ ಹುಡುಗಿಯೊಬ್ಬಳು ಇನ್ನೂ ಆ ಅಡುಗೆಮನೆಯಲ್ಲೇ ನಿಂತಿದ್ದಳು. ಅವಳನ್ನು ನೆನೆದು ನನಗೆ ಅಯ್ಯೋ ಅನ್ನಿಸಿತು.

ಓರ್ಲನ್ ನನ್ನ ಮುಖ ನೋಡಲಾರದೆ ಕೋಟಿನ ಜೇಬಿಗೆ ಕೈ ಹಾಕಿದ. ಕೊಳಲಿನ ತುದಿ ಇಣುಕಿತು.

"ಊದಿದರೆ ಮುರಿದು ಹಾಕ್ತೀನಿ," ಅಂದೆ. "ಜೇಬಲ್ಲಿರೋದೆಲ್ಲ ಮೇಜಿನ ಮೇಲಿಡು."

ಅವನು ಒಂದೊಂದಾಗಿ ಇಟ್ಟ. ಕೊಳಲು, ಮೌತ್ ಆರ್ಗನ್, ಎರಡು ಚಮಚ, ಮಕ್ಕಳ ಪೀಪಿ, ಕೊನೆಗೆ ಸೈಕಲ್ ಬೆಲ್ಲು. ಖಾಲಿ ಕೈಗಳನ್ನು ಎಲ್ಲಿಡಬೇಕೆಂದು ತಿಳಿಯದೆ ಮಂಡಿಯ ಮೇಲಿಟ್ಟ, ತೆಗೆದ, ಮತ್ತೆ ಇಟ್ಟ. ಅವನನ್ನು ವಾದ್ಯವಿಲ್ಲದೆ ನಾನು ನೋಡಿದ್ದು ಅದೇ ಮೊದಲು. ಮುದುಕನಾಗಿದ್ದಾನೆ ಅನ್ನಿಸಿತು, ಚೆಂದವಾಗಿಯೂ ಕಂಡ.

"ಎರಡನೇ ಸಲ ನಾನು ಕೇಳೋದಿಲ್ಲ. ಈ ಸಲ ನಿನ್ನ ಸರದಿ. ಬಾಯಲ್ಲೇ ಕೇಳು."

ಅವನು ಈ ಸಲ ಕಣ್ಣು ತಪ್ಪಿಸಲಿಲ್ಲ. ಕಾರ್ನ್‌ಬ್ರೆಡ್ಡೂ ಅಲ್ಲಿರಲಿಲ್ಲ ಬಿಡಿ. ಗಂಟಲು ಸರಿಮಾಡಿಕೊಂಡ, ಚಳಿಯ ಮಾತೆತ್ತಿದರೆ ಎದ್ದು ಹೋಗುತ್ತೇನೆಂದು ನಾನು ಚೀಲ ಹಿಡಿದುಕೊಂಡೆ.

"ಅರ್ನೆಸ್ಟೀನ್," ಅಂದ. ಪೂರ್ತಿ ಹೆಸರು ಅವನ ಬಾಯಲ್ಲಿ ಎಂದೂ ಬಂದಿರಲಿಲ್ಲ. "ನಾನು ಆವತ್ತೂ ನಿನ್ನವನೇ. ಇವತ್ತೂ. ನನ್ನನ್ನ ಮದುವೆ ಆಗ್ತೀಯಾ?"

ನಾನು ಮೇಜಿನ ಮೇಲಿನ ಸೈಕಲ್ ಬೆಲ್ಲು ಎತ್ತಿಕೊಂಡು ಒಂದು ಸಲ ಟ್ರಿಣ್ ಅನ್ನಿಸಿ, ಕೆಳಗಿಟ್ಟು, ಸುಮ್ಮನೆ ಕೂತೆ.

ಅವನ ಮುಖ ನೋಡಬೇಕಿತ್ತು. ಬೆಲ್ಲನ್ನು ನೋಡಿದ, ನನ್ನನ್ನು ನೋಡಿದ, ಮತ್ತೆ ಬೆಲ್ಲನ್ನು ನೋಡಿದ. ಅಂದರೆ ಏನು ಟೀನಿ, ಹೌದೋ ಅಲ್ಲವೋ ಎಂದು ಕೇಳುವ ಹೊತ್ತಿಗೆ ಹಣೆಯಲ್ಲಿ ಬೆವರು ಬಂದಿತ್ತು. ಎಪ್ಪತ್ತೇಳರಲ್ಲಿ ನನ್ನ ಮುಖವೂ ಹೀಗೇ ಇದ್ದಿರಬೇಕು, ಸ್ವಲ್ಪ ಹೊತ್ತು ಅನುಭವಿಸಲಿ ಎಂದು ಬಿಟ್ಟೆ.

ಒಡೆಟ್ ಕಾಫಿ ಹಿಡಿದು ಬಾಗಿಲಲ್ಲಿ ಕಾಣಿಸಿಕೊಂಡು, ಆ ದನಿ ತೆಗೆಯಲೇ ಮಿಸ್ ಅರ್ನೆಸ್ಟೀನ್ ಎಂದು ಕೇಳಿದಳು. ಬೇಡ, ಎರಡೂ ಇರಲಿ, ಪ್ರಶ್ನೆಯೂ ಉತ್ತರವೂ ಇದ್ದ ಹಾಗೇ ಇರಲಿ ಎಂದೆ. ನಮ್ಮ ಚರ್ಚಿನ ಹೆಂಗಸರು ಬೇಕಾದರೆ ಹಿಂದುಮುಂದು ತಿರುಗಿಸಿ ಕೇಳಿಕೊಳ್ಳಲಿ.

ಆಮೇಲೆ ಅವನ ಕಡೆ ತಿರುಗಿ, ಅವನ ಖಾಲಿ ಕೈಯನ್ನು ನನ್ನ ಕೈಯೊಳಗೆ ತೆಗೆದುಕೊಂಡೆ.

"ಹೂಂ ಕಣೋ. ಸೊಪ್ಪು ನೀರಲ್ಲೇ ಬಿಟ್ಟು ಬಂದಿದ್ದೀನಿ, ಮನೆಗೆ ನಡಿ."