ಎರಡನೇ ಸಲಕ್ಕೆ ತಲುಪುವ ವರದಿ

ಆಪರೇಷನ್‌ಗೆ ಸಿದ್ಧನಾಗಿದ್ದ ರೋಗಿಯ ರಕ್ತದ ವರದಿ ಮಾಯವಾಗಿತ್ತು!

ವಾರ್ಡಿನ ಪರದೆ ಖಾಲಿ. ಪ್ರಯೋಗಾಲಯದ ಪರದೆಯಲ್ಲಿ ಮಾತ್ರ ‘ಕಳುಹಿಸಲಾಗಿದೆ’ ಎಂಬ ಹಸಿರು ಗುರುತು. ಆಪರೇಷನ್ ಮುಂದೆ ಹೋಯಿತು. ತಪ್ಪೆಲ್ಲ ಪ್ರಯೋಗಾಲಯದ ಮುಖ್ಯಸ್ಥೆಯ ತಲೆಗೆ ಬಂತು. ಆಕೆ ನನ್ನ ಸ್ವಂತ ಅಕ್ಕ. ನಾನು ಅದೇ ಆಸ್ಪತ್ರೆಯ ಕಂಪ್ಯೂಟರ್ ವಿಭಾಗದವನು.

“ಒಂದು ವಾರದಿಂದ ಇದೇ ಕಥೆ. ಕಳಿಸದೇ ಕಳಿಸಿದೀನಿ ಅಂತಾರೆ,” ಎಂದರು ಮುಖ್ಯ ವೈದ್ಯರು. “ಇವತ್ತು ಸಂಜೆ ಅಮಾನತಿಗೆ ಸಹಿ ಹಾಕ್ತೀನಿ.”

“ಕೆಲಸ ಹೋದ್ರೆ ಹೋಗ್ಲಿ ಸಾರ್. ಸುಳ್ಳುಗಾತಿ ಅನ್ನಿಸ್ಕೊಂಡು ಮಾತ್ರ ಈ ಬಾಗಿಲು ದಾಟಲ್ಲ!” ಎಂದಳು ಅಕ್ಕ.

ಪ್ರಯೋಗಾಲಯದ ಯಂತ್ರಗಳ ಭಾಷೆಯೇ ಬೇರೆ, ವಾರ್ಡಿನ ಕಂಪ್ಯೂಟರುಗಳ ಭಾಷೆಯೇ ಬೇರೆ. ನಡುವೆ ದುಭಾಷಿಯಂತೆ ಒಂದು ಸಾಫ್ಟ್‌ವೇರ್ ಕೂತಿದೆ. ಹೋದ ತಿಂಗಳು ಹೊಸ ಸರ್ವರ್ ತಂದು, ಆ ಸಾಫ್ಟ್‌ವೇರಿನ ಹೊಸ ಆವೃತ್ತಿ ಹಾಕಿದ್ದೆವು. ಹಾಕಿಕೊಟ್ಟ ಕಂಪನಿಗೆ ಫೋನ್ ಮಾಡಿದೆ. ಮಧ್ಯಾಹ್ನದ ಹೊತ್ತಿಗೆ ಅಲ್ಲಿಂದ ಜರಡಿ ಮೇಡಂ ಬಂದರು. ಏನನ್ನೂ ಜರಡಿ ಹಿಡಿಯದೆ ಬಿಡುವವರಲ್ಲ, ಅದಕ್ಕೇ ಆ ಹೆಸರು.

“ಹೊಸ ಆವೃತ್ತಿ ಹಾಕಿದ ದಿನದಿಂದಲೇ ಕಳುವಾ?”

“ಇಲ್ಲ ಮೇಡಂ. ಮೊದಮೊದಲು ಚೆನ್ನಾಗೇ ಇತ್ತು. ಹೋದ ವಾರದಿಂದ ಈ ಗ್ರಹಚಾರ.”

“ಸೆಟ್ಟಿಂಗ್ ಯಾರಾದ್ರೂ ಮುಟ್ಟಿದ್ರಾ?”

“ದೇವರಾಣೆಗೂ ಇಲ್ಲ!”

“ಪರೀಕ್ಷೆ ಮಾಡಿದ್ರಾ?”

“ಹತ್ತಾರು ಸಲ. ಮಾದರಿ ವರದಿ ಕಳಿಸಿದ್ವಿ. ಎಲ್ಲಾನೂ ತಲುಪಿದೆ.”

“ಮೊದಲನೇ ಸಲಕ್ಕೇ?”

ನಾನು ತಡವರಿಸಿದೆ. “ಒಂದೊಂದ್ಸಲ ಬರಲ್ಲ. ಆಗ ತಕ್ಷಣ ಇನ್ನೊಂದ್ಸಲ ಕಳಿಸ್ತೀವಿ, ಬಂದ್ಬಿಡುತ್ತೆ. ನೆಟ್‌ವರ್ಕ್ ತೂಕಡಿಸಿರ್ಬೇಕು ಅಂತ ಸುಮ್ಮನಾಗ್ತೀವಿ. ಅದು ನಮ್ಮ ವಿಭಾಗದ ರೂಢಿ.”

“ಸರಿಹೋಯ್ತು! ಕಳ್ಳ ನಿಮ್ಮ ರೂಢಿಯ ಹಿಂದೇನೇ ಅಡಗಿದಾನೆ ಮಾರಾಯ್ರೇ. ಈಗ ನನ್ನೆದುರಿಗೆ ಒಂದೊಂದಾಗಿ ಕಳಿಸಿ.”

ಕಳಿಸಿದೆ. ಒಂದು ಬಂತು. ಮುಂದಿನದು ಬರಲಿಲ್ಲ. ಅದರ ಮುಂದಿನದು ಬಂತು. ಮತ್ತೆ ಒಂದು ಮಾಯ! ಯಾವ ಮನುಷ್ಯ ಇಷ್ಟು ಶಿಸ್ತಾಗಿ ಕದಿಯುತ್ತಾನೆ?

“ಒಂದು ತಟ್ಟೆಗೆ ಇಬ್ಬರು ಕೈ ಹಾಕಿದ ಹಾಗಿದೆ,” ಎಂದರು ಮೇಡಂ. “ಹೋದ ವಾರ ಕರೆಂಟ್ ಹೋಗಿತ್ತಾ?”

“ಜನರೇಟರ್ ಪರೀಕ್ಷೆಗೆ ಅಂತ ಇಡೀ ಕಟ್ಟಡದ್ದು ತೆಗೆದಿದ್ರು. ಯಾಕೆ?”

“ಹಳೇ ಸರ್ವರ್ ಎಲ್ಲಿ?”

“ಅದನ್ನ ಆಗಲೇ ಆಫ್ ಮಾಡಿದೀವಲ್ಲ. ಮಾನಿಟರ್, ಕೀಬೋರ್ಡ್ ಎಲ್ಲ ಕಿತ್ತಾಗಿದೆ.”

“ಪ್ಲಗ್ಗು? ನೆಟ್‌ವರ್ಕ್ ವೈರು?”

ಅವೆರಡನ್ನೂ ನಾವು ಕಿತ್ತಿರಲಿಲ್ಲ.

ಸರ್ವರ್ ಕೋಣೆಯ ಮೂಲೆಗೆ ಓಡಿದೆವು. ಖಾಲಿ ರಟ್ಟಿನ ಪೆಟ್ಟಿಗೆಗಳನ್ನು ಸರಿಸಿದರೆ, ಧೂಳಿನ ನಡುವೆ ಪುಟ್ಟದೊಂದು ಹಸಿರು ದೀಪ! ಮುಟ್ಟಿದೆ. ಪೆಟ್ಟಿಗೆ ಬೆಚ್ಚಗಿತ್ತು. ಮಾನಿಟರ್ ಜೋಡಿಸುವಷ್ಟರಲ್ಲಿ ಅಕ್ಕನೂ ಮುಖ್ಯ ವೈದ್ಯರೂ ಬಂದು ನಿಂತರು.

“ಕಳ್ಳ ಇವನೇ,” ಎಂದರು ಜರಡಿ ಮೇಡಂ. “ಹಳೇ ಆವೃತ್ತಿ. ನೀವು ಆಫ್ ಮಾಡಿದಾಗ ಮಲಗಿದ್ದ. ಆದರೆ ಕರೆಂಟ್ ಹೋಗಿ ಬಂದ ಕೂಡಲೇ ಎದ್ದು ಕೆಲಸ ಶುರುಮಾಡು ಅನ್ನೋ ಸೆಟ್ಟಿಂಗ್ ಒಳಗೇ ಇತ್ತು. ಎದ್ದ. ಹೊಸಬನ ಜೊತೆ ಸರದಿಯಲ್ಲಿ ನಿಂತ. ಒಂದು ವರದಿ ಅವನಿಗೆ, ಒಂದು ಇವನಿಗೆ. ಯಾರು ಎತ್ತಿಕೊಂಡರೂ ಪ್ರಯೋಗಾಲಯಕ್ಕೆ ಹಸಿರು ಗುರುತು. ಆದರೆ ಹೊಸ ಆವೃತ್ತಿಗೆ ಅಂತ ಪ್ರಯೋಗಾಲಯ ಕಳಿಸೋ ಹೊಸ ನಮೂನೆಯ ಬರಹ ಇವನಿಗೆ ಅರ್ಥವಾಗ್ತಿರಲಿಲ್ಲ. ನೀವು ಎರಡನೇ ಸಲ ಕಳಿಸಿದ್ದು ಹೊಸಬನ ಪಾಲಿಗೆ ಬೀಳ್ತಿತ್ತು, ನಿಮಗೆ ಅನುಮಾನವೇ ಬರಲಿಲ್ಲ. ಈಯಮ್ಮ ಹಸಿರು ಗುರುತು ನಂಬಿ ಒಂದೇ ಸಲ ಕಳಿಸಿದ್ರು, ಸಿಕ್ಕಿಬಿದ್ರು.”

“ಹಾಗಾದ್ರೆ ಆ ವರದಿಗಳೆಲ್ಲ ಹಾಳಾಗಿಹೋದ್ವಾ?” ಎಂದರು ವೈದ್ಯರು.

ಮೇಡಂ ಪರದೆಯತ್ತ ಕೈ ತೋರಿಸಿದರು. ನಾವೆಲ್ಲ ಬಗ್ಗಿ ನೋಡಿದೆವು.

ಒಂದೂ ಹಾಳಾಗಿರಲಿಲ್ಲ. ಅರ್ಥವಾಗದ ಪ್ರತಿಯೊಂದು ವರದಿಯನ್ನೂ ಆ ಯಂತ್ರ ಬಂದ ಕ್ರಮದಲ್ಲೇ ಜೋಡಿಸಿಟ್ಟುಕೊಂಡಿತ್ತು. ಮೇಲಿನಿಂದ ಒಂದೊಂದನ್ನೇ ಎತ್ತಿ ಓದಲು ನೋಡುತ್ತಿತ್ತು, ಆಗದೆ ಜೋಪಾನವಾಗಿ ಇಟ್ಟುಬಿಡುತ್ತಿತ್ತು, ಮತ್ತೆ ಎತ್ತುತ್ತಿತ್ತು. ಯಾರೂ ಹೇಳದೆ, ಯಾರೂ ನೋಡದೆ ಒಂದು ವಾರ ಹೀಗೆ! ಕಳ್ಳನೆಂದು ಬೈಯಲು ಬಂದ ನಾನೇ ಅದಕ್ಕೆ ಕೈ ಮುಗಿಯುವಂತಾಯಿತು. ಆ ರೋಗಿಯ ವರದಿಯೂ ಅಲ್ಲೇ ಇತ್ತು, ಕಳಿಸಿದವರ ಜಾಗದಲ್ಲಿ ಅಕ್ಕನ ಹೆಸರಿನೊಂದಿಗೆ.

ವೈದ್ಯರು ಅಕ್ಕನತ್ತ ತಿರುಗಿದರು. “ತಪ್ಪಾಯ್ತಮ್ಮ. ಆ ಅಮಾನತಿನ ಆದೇಶ ಈಗಲೇ ಹರಿದು ಹಾಕ್ತೀನಿ.”

ಅಕ್ಕ ಅವರತ್ತ ತಿರುಗಲೂ ಇಲ್ಲ. ಅವಳ ಬೆರಳು ಪರದೆಯ ಮೇಲೆ ಇವತ್ತಿನ ವರದಿಗಳನ್ನು ಹಿಡಿದು ಇಳಿಯುತ್ತಿತ್ತು. ತುರ್ತು ಎಂದಿದ್ದ ಒಂದರ ಮೇಲೆ ನಿಂತಿತು.

“ಆಮೇಲೆ ಹರೀರಿ ಸಾರ್,” ಎಂದು ಗೋಡೆಯ ಫೋನ್ ತೆಗೆದು ಅವರ ಕೈಗಿಟ್ಟಳು. “ಮೊದಲು ಮಕ್ಕಳ ವಾರ್ಡಿಗೆ ಮಾತಾಡಿ. ನಾನು ಓದ್ತೀನಿ, ನೀವು ಹೇಳಿ.”

ಮುಖ್ಯ ವೈದ್ಯರು ನಂಬರ್ ಒತ್ತಿದರು.