ತೊಡೆಯ ಮೇಲೆ ಬರೆದ ಚೀಟಿಗಳು

ಮಧ್ಯಾಹ್ನ ಎರಡೂವರೆಗೆ ನನ್ನ ತಂಗಿ ಪ್ರೆಸ್ಸಿನ ಬಾಗಿಲಲ್ಲಿ ಬಂದು ನಿಂತಳು. ಅಳುತ್ತಿರಲಿಲ್ಲ. ಅವಳು ಅಳದೆ ನಿಂತಳೆಂದರೆ ವಿಷಯ ಕೈಮೀರಿದೆ ಎಂದೇ ಅರ್ಥ.

"ಅಣ್ಣ, ನನ್ನ ಸಿನಿಮಾ ಹೋಯ್ತು."

"ಯಾರಾದ್ರೂ ಕದ್ರಾ?"

"ಸಿನಿಮಾ ಇದೆ. ಮಾನ ಹೋಯ್ತು. ಮೂವತ್ತು ಚೀಟೀಲಿ ಇಪ್ಪತ್ತೆರಡು ಜನ ಮುಖಕ್ಕೆ ಉಗಿದಿದಾರೆ."

ನಾನು ಏಳನೇ ಕ್ಲಾಸಿಗೇ ಪುಸ್ತಕ ಮುಚ್ಚಿದವನು. ಪ್ರೆಸ್ಸಿನಲ್ಲಿ ಕಾಗದ ಕತ್ತರಿಸುವ ಯಂತ್ರ ನಡೆಸುತ್ತೇನೆ. ಮನೆಯಲ್ಲಿ ಒಬ್ಬರು ಓದಬೇಕು, ಒಬ್ಬರು ದುಡಿಯಬೇಕು ಎಂದಾದಾಗ ದುಡಿಯುವ ಕಡೆ ನಾನು ನಿಂತೆ. ಅದಕ್ಕೆ ಯಾರೂ ನನಗೆ ಹಾರ ಹಾಕಬೇಕಾಗಿಲ್ಲ. ಆದರೆ ತಂಗಿಯ ಓದಿಗೆ ಯಾರಾದರೂ ಅಡ್ಡಗಾಲು ಹಾಕಿದರೆ ನನಗೆ ಕಣ್ಣು ಕಾಣುವುದಿಲ್ಲ.

ಅವಳು ಓದುವ ಸಿನಿಮಾ ಶಾಲೆ ಪ್ರೆಸ್ಸಿನ ಎದುರಿಗೇ ಇದೆ. ಕೊನೆಯ ವರ್ಷದ ಕೆಲಸವಾಗಿ ಅವಳು ಏಳು ನಿಮಿಷದ ದೆವ್ವದ ಸಿನಿಮಾ ಮಾಡಿದ್ದಳು. ಖಾಲಿ ಬಿದ್ದ ಮೇಲಿನ ಮನೆಯಲ್ಲಿ ಯಾರೋ ಕಸ ಗುಡಿಸುವ ಸದ್ದು ಕೇಳಿ ಒಬ್ಬಳು ಮೆಟ್ಟಿಲು ಹತ್ತಿ ಹೋಗುವ ಕಥೆ. ಜೊತೆಗೆ ಒಂದು ಪೋಸ್ಟರು, ಒಂದು ನಿಮಿಷದ ಟೀಸರು. ಅಂದು ಬೆಳಿಗ್ಗೆ ಹನ್ನೊಂದಕ್ಕೆ ಹೊರಗಿನ ಮೂವತ್ತು ಮಂದಿಗೆ ಅದನ್ನು ತೋರಿಸಿ, ಚೀಟಿಯಲ್ಲಿ ಅಭಿಪ್ರಾಯ ಬರೆಸಿಕೊಂಡಿದ್ದರು. ಪೈಪೋಟಿಯಲ್ಲಿದ್ದ ಇನ್ನೊಂದು ಸಿನಿಮಾಕ್ಕೆ ಹಿಂದಿನ ದಿನವೇ ಚೀಟಿ ಬಂದಾಗಿತ್ತು, ಸುಮಾರಾದ ಅಂಕ. ಎರಡರಲ್ಲಿ ಗೆದ್ದದ್ದರ ಹೆಸರು ಸಂಜೆ ಐದರೊಳಗೆ ಕಚೇರಿಗೆ ಹೋಗಬೇಕು. ಹೋದ ಹೆಸರಿಗೆ ದೊಡ್ಡ ಶಾಲೆಯಲ್ಲಿ ಎರಡು ವರ್ಷ ಶುಲ್ಕವಿಲ್ಲದ ಸೀಟು. ಆ ಸೀಟು ಸಿಗದಿದ್ದರೆ ತಂಗಿಯೂ ಪ್ರೆಸ್ಸಿಗೆ ಬಂದು ಕಾಗದ ಮಡಿಸಬೇಕು. ನಮ್ಮ ಮನೆಯಲ್ಲಿ ಮೂರನೆಯ ದಾರಿ ಇರಲಿಲ್ಲ.

"ಸುಳ್ಳು ಕಣೇ," ಎಂದೆ. "ಪೋಸ್ಟರ್ ಹಾಕೋಕೆ ಬಂದವನು ಹಾಲ್ ಬಾಗಿಲಲ್ಲೇ ನಿಂತಿದ್ದೆ. ಜನ ಬೆಚ್ಚಿ ಬಿದ್ದದ್ದನ್ನ ಈ ಕಿವೀಲಿ ಕೇಳಿದೀನಿ."

ನಾನು ನೇರವಾಗಿ ಗಾಗಲ್‌ನನ್ನು ಹುಡುಕಿಕೊಂಡು ಹೊರಟೆ. ಇನ್ನೊಂದು ಸಿನಿಮಾ ಅವನದು. ಮನೆಯೊಳಗೂ ಕಪ್ಪು ಕನ್ನಡಕ ತೆಗೆಯದ ಆಸಾಮಿ. ಶಾಲೆಯ ಕಾರಿಡಾರಿನಲ್ಲಿ ಸಿಕ್ಕ. ಮಾತಾಡಿಸುವ ಮೊದಲೇ ಅವನ ಕಾಲರ್ ನನ್ನ ಮುಷ್ಟಿಯಲ್ಲಿತ್ತು.

"ಕೈ ಇಳಿಸೋ," ಎಂದಿತು ಹಿಂದಿನಿಂದ ಒಂದು ದನಿ. "ಅವನ ಹಲ್ಲು ಉದುರಿದ್ರೆ ಚೀಟಿ ಸರಿ ಹೋಗುತ್ತಾ?"

ಗೇಟ್ ದೊಡ್ಡಮ್ಮ. ಈಗ ಮುಚ್ಚಿಹೋಗಿರುವ ಚಿತ್ರಮಂದಿರವೊಂದರಲ್ಲಿ ಮೂವತ್ತು ವರ್ಷ ಟಿಕೆಟ್ ಹರಿದವಳು. ಈಗ ಶಾಲೆಯ ಹಾಲ್ ನೋಡಿಕೊಂಡು ಅದರ ಹಿಂದಿನ ಕೋಣೆಯಲ್ಲೇ ಇರುತ್ತಾಳೆ. ಅವಳು ಯಾವ ಸಿನಿಮಾವನ್ನೂ ನೋಡಿದವಳಲ್ಲ, ಸಿನಿಮಾ ನೋಡುವವರನ್ನು ನೋಡಿದವಳು. ಪರದೆಗೆ ಬೆನ್ನು ಹಾಕಿ, ಮುಖಗಳ ಕಡೆ ತಿರುಗಿ ನಿಲ್ಲುವುದು ಅವಳ ಅಭ್ಯಾಸ. ಹೋದ ವರ್ಷ ಲೆನ್ಸ್ ಕದ್ದವನನ್ನೂ, ಅದಕ್ಕೆ ಮೊದಲು ಹೆಸರಿಲ್ಲದ ಪತ್ರ ಬರೆಯುತ್ತಿದ್ದವಳನ್ನೂ ಹಿಡಿದುಕೊಟ್ಟಿದ್ದು ಅವಳೇ. ಎರಡೂ ಸಲ ಅವಳ ಹಿಂದೆ ಓಡಾಡಿದವನು ನಾನು. ಅವಳಿಗೆ ತಲೆ ಇತ್ತು, ನನಗೆ ಕಾಲಿತ್ತು.

"ಬಾ," ಎಂದಳು. "ಚೀಟಿ ನೋಡೋಣ."

ಮೌಲ್ಯಮಾಪನದ ಕೋಣೆಯಲ್ಲಿ ಮೇಷ್ಟ್ರು ತಲೆ ಮೇಲೆ ಕೈ ಹೊತ್ತು ಕೂತಿದ್ದರು. ಮೇಜಿನ ಮೇಲೆ ರಟ್ಟಿನ ಪೆಟ್ಟಿಗೆ. ಮುಚ್ಚಳಕ್ಕೆ ಬೀಗವಿಲ್ಲ, ದಾರವೂ ಇಲ್ಲ.

"ಚೀಟಿಗೆ ಯಾರು ಬೀಗ ಹಾಕ್ತಾರೆ?" ಎಂದರು ಮೇಷ್ಟ್ರು. "ಹನ್ನೆರಡಕ್ಕೆ ಇಲ್ಲಿಟ್ಟೆ. ಊಟ ಮುಗಿಸಿ ಒಂದೂವರೆಗೆ ತೆರೆದೆ."

"ಅಷ್ಟರಲ್ಲಿ ಯಾರು ಬಂದಿದ್ರು ಅಂತ ನಾನು ಹೇಳ್ತೀನಿ," ಎಂದಳು ದೊಡ್ಡಮ್ಮ. "ಕಾರಿಡಾರಲ್ಲೇ ಕೂತಿದ್ದೆ. ನೀವು ಕನ್ನಡಕ ಮರೆತು ಒಂದು ಸಲ ಬಂದ್ರಿ. ಗಾಗಲ್ ಕ್ಯಾಮೆರಾ ಸ್ಟ್ಯಾಂಡ್ ವಾಪಸ್ ಇಡೋಕೆ ಬಂದ. ಸಿನಿಮಾ ಪ್ರತಿ ತಗೊಳ್ಳೋಕೆ ಕತ್ತರಿ ಬಂದ. ನಾಲ್ಕನೆಯವರು ಇಲ್ಲ."

ಕತ್ತರಿ ಎಂದರೆ ತಂಗಿಯ ಸಿನಿಮಾದ ಸಂಕಲನಕಾರ. ತೆಗೆದ ದೃಶ್ಯಗಳನ್ನೆಲ್ಲ ಕತ್ತರಿಸಿ ಜೋಡಿಸಿದವನು. ಮೂರು ತಿಂಗಳು ನಮ್ಮ ಮನೆಯವನೇ ಆಗಿದ್ದ. ಅವನೂ ಅಲ್ಲೇ ಗೋಡೆಗೊರಗಿ ನಿಂತಿದ್ದ, ಹೆಗಲಲ್ಲಿ ಚೀಲ, ಕುತ್ತಿಗೆಯಲ್ಲಿ ಹೆಡ್‌ಫೋನು.

"ಜನಕ್ಕೆ ರುಚಿ ಇಲ್ಲ, ಬಿಡು," ಎಂದು, ನನ್ನ ಹಿಂದೆಯೇ ಬಂದಿದ್ದ ತಂಗಿಗೆ ಸಮಾಧಾನ ಹೇಳಿದ. "ಮುಂದಿನ ಸಿನಿಮಾ ಮಾಡಿದ್ರಾಯ್ತು."

"ನಮ್ಮ ಮನೇಲಿ ಮುಂದಿನ ಸಿನಿಮಾ ಅಂತ ಇರಲ್ಲ," ಎಂದಳು ತಂಗಿ.

ದೊಡ್ಡಮ್ಮ ಚೀಟಿಗಳನ್ನು ಹರಡಿಕೊಂಡಳು. ಪ್ರತಿಯೊಂದರಲ್ಲೂ ಏಳು ಸಾಲು: ಕಥೆ, ನಟನೆ, ಛಾಯಾಗ್ರಹಣ, ಶಬ್ದ, ಸಂಕಲನ, ಪೋಸ್ಟರ್, ಟೀಸರ್. ಎಲ್ಲವೂ ಪೆನ್ಸಿಲಿನ ಬರಹ. ಓದಲು ನನಗೆ ಹೇಳಿದಳು. ನಾನು ಹಲ್ಲು ಕಡಿಯುತ್ತ ಓದಿದೆ.

"'ಕಥೆಗೆ ತಲೆಯಿಲ್ಲ, ಬಾಲವಿಲ್ಲ.' 'ಮೇಲಿನ ಮನೆಯಲ್ಲಿ ಕಸ ಗುಡಿಸುವ ದೆವ್ವ, ಮೊದಲು ಕೆಳಗಿನ ಮನೆ ಗುಡಿಸಲಿ.' 'ಶಬ್ದ ಕೇಳಿದರೆ ಹಲ್ಲು ನೋವು ಬರುತ್ತದೆ.' 'ಯಾರೂ ಹೆದರಲಿಲ್ಲ, ಪಕ್ಕದವರು ನಕ್ಕರು.' 'ಪೋಸ್ಟರಿನಲ್ಲಿ ದೆವ್ವಕ್ಕಿಂತ ನಿರ್ದೇಶಕಿಯ ಹೆಸರೇ ದೊಡ್ಡದು.' 'ಟೀಸರ್ ನೋಡಿದ ಮೇಲೆ ಸಿನಿಮಾ ಯಾಕೆ?'"

"ಸಾಕು. ಉಳಿದ ಎಂಟು?"

ಉಳಿದ ಎಂಟು ಅಷ್ಟು ಕೆಟ್ಟದಾಗಿರಲಿಲ್ಲ. "'ಕೊನೆಯಲ್ಲಿ ಅವಳೇ ಗುಡಿಸುತ್ತಿರುವುದು ಕಂಡಾಗ ಕೈ ತಣ್ಣಗಾಯಿತು.' 'ಚೆನ್ನಾಗಿದೆ, ಮೆಟ್ಟಿಲು ಹತ್ತುವುದು ಉದ್ದವಾಯಿತು.' 'ಹೆದರಿಕೆ ಆಯಿತು. ಮೆಟ್ಟಿಲು ಎಳೆದಿದ್ದಾರೆ.'"

ದೊಡ್ಡಮ್ಮ ಒಂದೊಂದೇ ಚೀಟಿಯನ್ನು ಕಿಟಕಿಯ ಬೆಳಕಿಗೆ ಹಿಡಿದಳು, ಬೆನ್ನಿನ ಮೇಲೆ ಬೆರಳಾಡಿಸಿದಳು. ಆಮೇಲೆ ನನ್ನತ್ತ ತಿರುಗಿದಳು. "ಚೀಟಿ ಎಷ್ಟು ಹೊಡೆದಿದ್ದೆ?"

"ಅರವತ್ತು. ನಾನೇ ಎಣಿಸಿ ಕಟ್ಟು ಕಟ್ಟಿದ್ದು. ನಿನ್ನೆ ಕತ್ತರಿ ಬಂದು ಪೋಸ್ಟರ್ ನೋಡಿ, ಚೀಟಿ ಕಟ್ಟು ತಗೊಂಡು ಹೋದ."

"ಇವತ್ತು ಬೆಳಿಗ್ಗೆ ನನಗೆ ಕೊಟ್ಟ," ಎಂದರು ಮೇಷ್ಟ್ರು. "ಬೀರುವಿನಲ್ಲಿಟ್ಟೆ. ಮೂವತ್ತು ಹಂಚಿದೀವಿ."

ಬೀರು ತೆರೆದರೆ ಅಲ್ಲಿದ್ದದ್ದು ಎಂಟೇ ಖಾಲಿ ಚೀಟಿ.

ದೊಡ್ಡಮ್ಮ ನನ್ನ ಜೊತೆ ಹಾಲಿನ ಬಾಗಿಲಿಗೆ ಬಂದು ಪೋಸ್ಟರಿನ ಮುಂದೆ ಬಹಳ ಹೊತ್ತು ನಿಂತಳು. ಮೆಟ್ಟಿಲ ಮೇಲೊಂದು ಬರಿಗಾಲು, ಮೇಲೆ 'ಮೇಲಿನ ಮನೆ' ಎಂಬ ಹೆಸರು, ಅದರ ಮೇಲೆ ತಂಗಿಯ ಹೆಸರು. ಚೌಕಟ್ಟಿಗೆ ಕಾಗದ ಎರಡು ಬೆರಳು ಉದ್ದವಾಗಿತ್ತು. ಪ್ರೆಸ್ಸಿನಲ್ಲೇ ಕೆಳಗಿನ ಅಂಚನ್ನು ಕತ್ತರಿಸಿ ಸವರಿದ್ದೆ. ಅದನ್ನೂ ಕೇಳಿದಳು, ಹೇಳಿದೆ.

"ಎಲ್ಲರನ್ನೂ ಹಾಲಿಗೆ ಕರಿ," ಎಂದಳು. "ಗಂಟೆ ನಾಲ್ಕಾಯ್ತು."

ಐವರೂ ಮೊದಲ ಸಾಲಿನಲ್ಲಿ ಕೂತೆವು. ಗಾಗಲ್ ನನ್ನಿಂದ ಎರಡು ಕುರ್ಚಿ ಬಿಟ್ಟು ಕೂತ, ಬುದ್ಧಿವಂತ. ದೊಡ್ಡಮ್ಮ ಎಂದಿನಂತೆ ಪರದೆಗೆ ಬೆನ್ನು ಮಾಡಿ ನಿಂತಳು.

"ಈ ಹಾಲಲ್ಲಿ ಮೇಜಿಲ್ಲ," ಎಂದು ಶುರು ಮಾಡಿದಳು. "ಕುರ್ಚಿಗೆ ಕೈ ಕೂಡ ಇಲ್ಲ. ಮೂವತ್ತು ಜನ ತೊಡೆ ಮೇಲೆ ಚೀಟಿ ಇಟ್ಕೊಂಡು ಬರೆದ್ರು, ನಾನೇ ಪೆನ್ಸಿಲ್ ಕೊಟ್ಟಿದ್ದು. ತೊಡೆ ಮೇಲೆ ಬರೆದ್ರೆ ಪೆನ್ಸಿಲ್ ಚುಚ್ಚುತ್ತೆ. ಎಂಟು ಚೀಟೀಲಿ ತೂತಿದೆ, ಬೆನ್ನೆಲ್ಲ ಉಬ್ಬು. ಇಪ್ಪತ್ತೆರಡು ಚೀಟಿ ನುಣ್ಣಗಿವೆ. ಅವು ಮೇಜಿನ ಮೇಲೆ ಬರೆದದ್ದು."

"ಅಂದ್ರೆ ಸುಳ್ಳು ಚೀಟಿ," ಎಂದರು ಮೇಷ್ಟ್ರು.

"ಬೀರುವಿನ ಲೆಕ್ಕವೂ ಅದನ್ನೇ ಹೇಳುತ್ತೆ. ಅರವತ್ತರಲ್ಲಿ ಮೂವತ್ತು ಹಂಚಿದ್ರೆ ಮೂವತ್ತು ಉಳೀಬೇಕು. ಉಳಿದಿದ್ದು ಎಂಟು. ಇನ್ನು, ಇಪ್ಪತ್ತೆರಡು ಚೀಟಿ, ಒಂದೊಂದಕ್ಕೂ ಬೇರೆ ಬೇರೆ ಅಕ್ಷರ. ಊಟದ ಹೊತ್ತಲ್ಲಿ ಇಷ್ಟು ಬರೆಯೋಕಾಗಲ್ಲ. ಹಿಂದಿನ ದಿನವೇ ಬರೆದಿಟ್ಟು, ಇವತ್ತು ಬರೀ ಅದಲು ಬದಲು ಮಾಡಿದಾರೆ. ಆದ್ರೆ ಅದರಲ್ಲಿ ಗುಡಿಸೋ ದೆವ್ವದ ಮಾತಿದೆ. ಅಂದ್ರೆ ಬರೆದವರು ಸಿನಿಮಾನ ಮೊದಲೇ ನೋಡಿದೋರು."

"ನಾನು ಇವತ್ತೇ ನೋಡಿದ್ದು," ಎಂದ ಗಾಗಲ್, ಕನ್ನಡಕ ತೆಗೆದು. "ಹಿಂದಿನ ಸಾಲಲ್ಲಿದ್ದೆ. ನಿಜ ಹೇಳ್ಬೇಕಂದ್ರೆ ಕೊನೇಲಿ ಕಣ್ಣು ಮುಚ್ಕೊಂಡೆ."

"ಗೊತ್ತು. ನಿನ್ನ ಮುಖ ನೋಡಿದೀನಿ. ಕಪ್ಪು ಕನ್ನಡಕದೊಳಗೆ ಕಣ್ಣು ಮುಚ್ಚಿದೋನು ನೀನೊಬ್ನೇ." ಅವಳು ಮೇಷ್ಟ್ರ ಕಡೆ ತಿರುಗಿದಳು. "ನೀವು ಮೊದಲೇ ನೋಡಿದ್ರಿ. ಏನಂದಿದ್ರಿ?"

"ಮೆಟ್ಟಿಲ ದೃಶ್ಯ ನಲವತ್ತು ಸೆಕೆಂಡು, ಅರ್ಧ ಮಾಡಿ ಅಂದೆ. ಕೇಳಲಿಲ್ಲ."

"ಹಾಗಾದ್ರೆ ನೀವು ಬರೆದಿದ್ರೆ ಮೊದಲ ಏಟು ಆ ಮೆಟ್ಟಿಲಿಗೇ ಬೀಳ್ತಿತ್ತು."

ದೊಡ್ಡಮ್ಮ ಒಂದು ಚೀಟಿಯನ್ನು ಕತ್ತರಿಯ ಕೈಗಿಟ್ಟಳು. "ಇದು ಅಸಲಿ ಚೀಟಿ. ಜೋರಾಗಿ ಓದಪ್ಪ."

ಅವನು ಓದಿದ. "'ಸಂಕಲನ ಮಾಡಿದವರಿಗೆ ನಿದ್ದೆ ಬಂದಿತ್ತೇನೋ. ಮೆಟ್ಟಿಲು ಹತ್ತುವಾಗ ಎಲ್ಲಿ ನಿಲ್ಲಿಸಬೇಕೆಂದು ಗೊತ್ತಾಗಿಲ್ಲ.'" ಎದ್ದು ನಿಂತ, ಚೀಟಿ ಅವನ ಕೈಯಲ್ಲಿ ಮುದುಡಿತು. "ಇವನಿಗೇನು ಗೊತ್ತು? ಅದು ಬೇಕಂತಲೇ ಇಟ್ಟಿದ್ದು. ಹದಿನೇಳನೇ ಮೆಟ್ಟಿಲಲ್ಲಿ ಅವಳ ಉಸಿರು ಬದಲಾಗುತ್ತೆ, ಅಲ್ಲಿ ಕತ್ತರಿಸಿದ್ರೆ ಸಿನಿಮಾ ಸತ್ತುಹೋಗುತ್ತೆ. ಎರಡು ವಾರ ಕೂತಿದೀನಿ ಆ ಒಂದು ಜಾಗಕ್ಕೆ."

ಅವನ ಮಾತು ಅವನಿಗೇ ಕೇಳಿಸಿತೋ ಏನೋ, ಮೆಲ್ಲಗೆ ಕೂತ.

"ಆಗ್ಲಿಂದ ನಿಮ್ಮ ನಿರ್ದೇಶಕೀನ ಬಾಯಿಗೆ ಬಂದ ಹಾಗೆ ಬೈದ ಚೀಟಿ ಓದ್ತಿದೀವಿ," ಎಂದಳು ದೊಡ್ಡಮ್ಮ. "ನೀನು ತಣ್ಣಗಿದ್ದೆ, ಮುಂದಿನ ಸಿನಿಮಾ ಮಾಡೋಣ ಅಂದೆ. ನಿನ್ನ ಕೆಲಸಕ್ಕೆ ಒಂದು ಮಾತು ಬಿದ್ದದ್ದೇ ಎದ್ದು ನಿಂತೆ. ಎಂಟು ಅಸಲಿ ಚೀಟೀಲಿ ಮೂವರು ಮೆಟ್ಟಿಲು ಉದ್ದ ಅಂದಿದಾರೆ. ಇಪ್ಪತ್ತೆರಡು ಸುಳ್ಳು ಚೀಟೀಲಿ ಒಬ್ಬರೂ ಅಂದಿಲ್ಲ. ಕಥೆ, ನಟನೆ, ಶಬ್ದ, ಪೋಸ್ಟರ್, ಎಲ್ಲಕ್ಕೂ ಸೊನ್ನೆ ಬಿದ್ದಿದೆ. ಸಂಕಲನದ ಸಾಲಲ್ಲಿ ಮಾತ್ರ 'ಪರವಾಗಿಲ್ಲ', 'ಅಚ್ಚುಕಟ್ಟು'. ಮೂವತ್ತು ವರ್ಷದಲ್ಲಿ ಎಳೆದಿದಾರೆ ಅಂತ ಗೊಣಗದ ಜನ ನನ್ನ ಗೇಟಿಂದ ಹೊರಗೆ ಹೋಗಿಲ್ಲಪ್ಪ. ನಿನ್ನೆ ರಾತ್ರಿಯೆಲ್ಲ ಚೀಟಿ ಕಟ್ಟು ಇದ್ದದ್ದೂ ನಿನ್ನ ಹತ್ರಾನೇ. ಸಿನಿಮಾ ಕೊಲ್ಲೋಕೆ ಹೊರಟೆ, ನಿನ್ನ ಪಾಲಿಗೆ ಮಾತ್ರ ಚಾಕು ಹಾಕೋಕೆ ಕೈ ಬರಲಿಲ್ಲ. ಚೀಲ ತೆಗಿ."

"ಚೀಲದಲ್ಲೇನಿರುತ್ತೆ," ಎಂದ, ದನಿಯಿಲ್ಲದೆ.

"ಅಸಲಿ ಚೀಟಿ. ಊಟದ ಹೊತ್ತಲ್ಲಿ ಮೇಲಿಂದ ಸಿಕ್ಕಷ್ಟು ತೆಗೆದೆ. ಆಮೇಲೆ ಓದಿರ್ತೀಯ. ಓದಿದ ಮೇಲೆ ಹರಿಯೋಕೆ ಮನಸ್ಸು ಬಂದಿರಲ್ಲ."

ಅವನು ತಾನೇ ಚೀಲ ತೆರೆದ. ಕೇಬಲ್ಲುಗಳ ಕೆಳಗೆ, ರಟ್ಟಿನೊಳಗೆ ಜೋಪಾನವಾಗಿ ಇಪ್ಪತ್ತೆರಡು ಚೀಟಿಗಳಿದ್ದವು, ಎಲ್ಲದರಲ್ಲೂ ತೂತು. ಮೇಷ್ಟ್ರು ಮೇಲಿನದನ್ನು ಓದಿದರು: "'ಎಲ್ಲಿ ಕತ್ತರಿಸಿದರೆಂದೇ ತಿಳಿಯಲಿಲ್ಲ, ಉಸಿರು ಕಟ್ಟಿತ್ತು.'"

ನಾನು ಎದ್ದಿದ್ದೆ. ಅವನ ಕುತ್ತಿಗೆಗೂ ನನಗೂ ಮಧ್ಯೆ ಇದ್ದದ್ದು ದೊಡ್ಡಮ್ಮನ ತೋಳೊಂದೇ.

"ಯಾಕೋ?" ಎಂದೆ. "ನಮ್ಮನೇಲಿ ಉಂಡಿದೀಯಲ್ಲೋ. ಅವಳೇನು ಅನ್ಯಾಯ ಮಾಡಿದ್ಲೋ ನಿನಗೆ?"

"ಅದನ್ನ ನಿನ್ನ ತಂಗಿ ಹೇಳ್ಲಿ," ಎಂದಳು ದೊಡ್ಡಮ್ಮ. "ಮಗಳೇ, ನೀನು ಬರೆದ ಪೋಸ್ಟರ್ ಪೂರ್ತಿ ತೋರಿಸು."

ತಂಗಿ ಫೋನು ತೆಗೆದು ಹಿಡಿದಳು. ಬರಿಗಾಲಿನ ಕೆಳಗೆ, ನಾನು ಸವರಿ ಹಾಕಿದ ಆ ಎರಡು ಬೆರಳಿನ ಪಟ್ಟಿಯಲ್ಲಿ ಸಣ್ಣ ಅಕ್ಷರಗಳಿದ್ದವು. ಮೊದಲು ಸಂಕಲನ, ಕತ್ತರಿಯ ನಿಜವಾದ ಹೆಸರು. ಆಮೇಲೆ ಶಬ್ದ. ಆಮೇಲೆ ನಟಿ. ಕೊನೆಯಲ್ಲಿ ಮುದ್ರಣ, ಅದರ ಮುಂದೆ ನನ್ನ ಹೆಸರು.

"ಕತ್ತರಿಸೋ ಮುಂಚೆ ಓದಲಿಲ್ವಾ, ಅಣ್ಣ?"

ಓದಿರಲಿಲ್ಲ. ಚಿಕ್ಕದು ಮಾಡಿ ಮತ್ತೆ ಹೊಡೆಯಬಹುದಿತ್ತು. ಸಣ್ಣ ಅಕ್ಷರ ಯಾರು ಓದುತ್ತಾರೆ, ತಂಗಿಯ ಹೆಸರು ಮೇಲೆ ಇದೆಯಲ್ಲ, ಸಾಕು ಎಂದುಕೊಂಡಿದ್ದೆ.

"ನೀನೇ ತೆಗೆಸಿದೆ ಅಂದ್ಕೊಂಡೆ," ಎಂದ ಕತ್ತರಿ, ಅವಳ ಮುಖ ನೋಡದೆ. "ಮೂರು ತಿಂಗಳು ಕಣ್ಣು ಕೆಂಪಗೆ ಮಾಡ್ಕೊಂಡು ಕೂತೆ. ಸೀಟು ಹೇಗೂ ನಿನಗೊಬ್ಳಿಗೇ. ಹೆಸರಾದ್ರೂ ಇರುತ್ತೆ ಅನ್ಕೊಂಡಿದ್ದೆ."

"ಕೇಳಬಹುದಿತ್ತಲ್ಲ. ಒಂದು ಮಾತು."

ಅವನು ಕುತ್ತಿಗೆಯ ಹೆಡ್‌ಫೋನು ತೆಗೆದು ಚೀಲದ ಮೇಲಿಟ್ಟ.

ಮೇಷ್ಟ್ರು ಇಪ್ಪತ್ತೆರಡು ಮತ್ತು ಎಂಟನ್ನು ಸೇರಿಸಿ ಅಂಕ ಕೂಡಿದರು. ಗಾಗಲ್ ಪಕ್ಕದಲ್ಲಿ ನಿಂತು ತಾನೂ ಕೂಡಿದ, ಕೂಡಿ, "ಸೋತೆ," ಎಂದ. ತಂಗಿಯ ಸಿನಿಮಾ ಬಹಳ ಮುಂದಿತ್ತು. ಮೇಷ್ಟ್ರು ಕಚೇರಿಗೆ ಕೊಡುವ ಹಾಳೆಯನ್ನು ಅವಳ ಮುಂದಿಟ್ಟು, ಪೆನ್ನಿನ ತುದಿಯಿಂದ ಒಂದು ಸಾಲನ್ನು ತೋರಿಸಿದರು.

"ಸಂಕಲನದ ಜಾಗ ಖಾಲಿ ಬಿಡು. ಇವನ ಹೆಸರು ಹೋಗಬಾರದು. ನಾನು ಬೇರೆ ವರದಿ ಬರೀತೀನಿ."

ತಂಗಿ ಹಾಳೆಯನ್ನು ತೊಡೆಯ ಮೇಲಿಟ್ಟುಕೊಂಡಳು. ನಾಲ್ಕು ನಲವತ್ತು ಆಗಿತ್ತು.

"ವರದಿ ನೀವು ಬರೀರಿ, ಸರ್. ಅದು ನಿಮ್ಮ ಕೆಲಸ," ಎಂದಳು. "ಕತ್ತರಿಸಿದ್ದು ಇವನೇ. ಇವನ ಹೆಸರಿಲ್ಲದೆ ಕೊಟ್ರೆ ನಾನೂ ಒಂದು ಸುಳ್ಳು ಚೀಟಿ ಬರೆದ ಹಾಗೆ."

ಎಲ್ಲ ಹೆಸರುಗಳನ್ನೂ ಬರೆದಳು. ಆಮೇಲೆ ಕತ್ತರಿಯ ಕಡೆ ನೋಡಿದಳು. "ನಮ್ಮನೆ ಕಡೆ ಇನ್ನು ಬರಬೇಡ."

ಅವಳು ಎದ್ದು ಬಾಗಿಲ ಕಡೆ ನಡೆದಾಗ ನಾನೂ ಹಿಂದೆ ಹೊರಟೆ.

"ನೀನು ಇಲ್ಲೇ ಇರು, ಅಣ್ಣ. ಅವನು ಹೋಗೋವರೆಗೂ ನಿನ್ನ ಕೈ ನಿನ್ನ ಹತ್ರಾನೇ ಇರಲಿ."

ಕೈಗಳನ್ನು ಜೇಬಿಗೆ ತುರುಕಿಕೊಂಡು ನಿಂತೆ. ಕತ್ತರಿ ಕೇಬಲ್ಲುಗಳನ್ನು ಒಂದೊಂದಾಗಿ ಸುತ್ತಿ ಚೀಲಕ್ಕೆ ಹಾಕಿಕೊಳ್ಳುತ್ತಿದ್ದ. ಎಷ್ಟು ನಿಧಾನ ಮಾಡಿದನೆಂದರೆ ಎರಡು ಸಲ ನನ್ನ ಮುಷ್ಟಿ ಜೇಬಿನೊಳಗೇ ಬಿಗಿಯಿತು, ಎರಡು ಸಲವೂ ಬಿಡಿಸಿದೆ. ದೊಡ್ಡಮ್ಮ ನಮ್ಮಿಬ್ಬರ ಮುಖವನ್ನೂ ನೋಡುತ್ತ ನಿಂತಿದ್ದಳು. ಐದಕ್ಕೆ ಇನ್ನೂ ಕೆಲವು ನಿಮಿಷವಿದ್ದಾಗ, ಕಾರಿಡಾರಿನ ಆ ತುದಿಯಿಂದ, ಕಚೇರಿಯವರು ಹಾಳೆಯ ಮೇಲೆ ಮೊಹರು ಒತ್ತಿದ ಸದ್ದು ಕೇಳಿಸಿತು.